ಮುಂಬಯಿಯ ಕೆರೆಗಳೂ ಅವುಗಳ ಆಮೆಗಳೂ

ಮುಂಬಯಿ ನಗರದಲ್ಲಿ ನೀರಿಲ್ಲದ ಕೆರೆಗಳು ಅನೇಕವಿವೆ. ಧೋಬಿ ತಲಾವ್ ಎಂದು ಬಸ್ಸಿನ ಕಂಡಕ್ಟರನು ಕೂಗಿದಾಗ ಇಳಿದವನ ಕಣ್ಣಿಗೆ ಬೀಳುವುದು ಮೆಟ್ರೊ ಚಿತ್ರಮಂದಿರ, ಸಿ. ಪಿ. ಟ್ಯಾಂಕಿನಲ್ಲಿ ಇಳಿದವನಿಗೆ ಮಾಧವಬಾಗಿನ ಆಸುಪಾಸಿನ ಅಂಗಡಿಸಾಲು. ಗೋವಾಲಿಯಾ ಟ್ಯಾಂಕಿನಲ್ಲಿ ಕಾಣುವುದು 1942ರ ಆಗಸ್ಟ್ 8ರಂದು ಚಲೇಜಾವ್ ಚಳವಳಿಯ ಕರೆ ಹೊರಟ ಬಯಲು. ಬಾಬುಲಾ ಟ್ಯಾಂಕ್, ಖಾರಾ ತಲಾವ್, ದೋ ಟಾಂಕಿ ಇವೆಲ್ಲ ಇಂದು ಗಲ್ಲಿಗಳಿಗೂ ಚೌಕಗಳಿಗೂ ಅಂಟಿಕೊಂಡ ಹೆಸರುಗಳು ಮಾತ್ರ. ಗೋವಳರು ದನಗಳ ಮೈ ತೊಳೆದ, ಮಡಿವಾಳರು ಬಟ್ಟೆ ಒಗೆದ, ಹೆಂಗಸರು ಕೊಡ ತುಂಬಿದ ಈ ಜಲಾಶಯಗಳ ಕಥೆಯನ್ನು ನಗರಚರಿತ್ರಕಾರರು ಬರೆದಿದ್ದಾರೆ. ಅವುಗಳನ್ನು ಕಟ್ಟಿಸಿದ ಸೇಠರ ವಂಶಾವಳಿಯನ್ನೂ ಬರೆದಿದ್ದಾರೆ. ಆದರೆ ಮನುಷ್ಯನ ಜೊತೆಜೊತೆಗೇ ಆ ನೀರನ್ನು ನೆಚ್ಚಿ ಬದುಕಿದ್ದ, ಕೆರೆ ಮುಚ್ಚಿದಾಗ ಯಾವ ಪರಿಹಾರದ ಅರ್ಜಿಯನ್ನೂ ಹಾಕಲಾರದೆ ಹೋದ ಒಂದು ಪ್ರಾಣಿಯ ಚರಿತ್ರೆಯನ್ನು ಯಾರೂ ಬರೆಯಲು ಹೋಗಲಿಲ್ಲ. ಅದು ಸಿಹಿನೀರಿನ ಆಮೆ.

ಉಪ್ಪುನೀರಿನಿಂದ ಸುತ್ತುವರಿದ ಏಳು ದ್ವೀಪಗಳಲ್ಲಿ ಸಿಹಿನೀರಿನ ಜಂತುವಿಗೆ ಎಡೆಯೆಲ್ಲಿ ಎಂದು ಓದುಗರು ಕೇಳಬಹುದು. ಈ ಊರಿನ ಮಳೆಯೇ ಅದಕ್ಕೆ ಉತ್ತರ. ವರ್ಷದಲ್ಲಿ ನಾಲ್ಕು ತಿಂಗಳು ಆಕಾಶವೇ ಹರಿದು ಬಿದ್ದಂತೆ ಸುರಿಯುವ ನೀರು ತಗ್ಗುಗಳಲ್ಲಿ ನಿಲ್ಲುತ್ತಿತ್ತು. ಗುಡ್ಡಗಳ ಬುಡದಲ್ಲಿ ಒರತೆಗಳಿದ್ದುವು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗವರ್ನರ್ ವಿಲಿಯಂ ಹಾರ್ನ್‌ಬಿಯ ಹೆಸರನ್ನು ಹೊತ್ತ ಒಡ್ಡು ಮಹಾಲಕ್ಷ್ಮಿಯ ಬಳಿ ಸಮುದ್ರದ ಕಂಡಿಯನ್ನು ಮುಚ್ಚಿದ ಬಳಿಕವಂತೂ, ಅದುವರೆಗೆ ಭರತದ ನೀರು ನುಗ್ಗುತ್ತಿದ್ದ ಭಾಯಖಳದ ತಗ್ಗುನೆಲವು ಕ್ರಮೇಣ ಉಪ್ಪನ್ನು ಕಳೆದುಕೊಂಡು ಗದ್ದೆಯೂ ಜೌಗೂ ಆಯಿತು. ಮನುಷ್ಯನು ತನ್ನ ಪ್ರಯೋಜನಕ್ಕಾಗಿ ಸಮುದ್ರವನ್ನು ಹಿಂದಕ್ಕೆ ತಳ್ಳಿದಾಗ ಕಪ್ಪೆಗೂ ಏಡಿಗೂ ಆಮೆಗೂ ಬಾಡಿಗೆಯಿಲ್ಲದ ನಿವೇಶನಗಳು ದೊರೆತುವೆನ್ನಬೇಕು.

ಕಟ್ಟಿದ ಕೆರೆಗಳ ಪೈಕಿ ಎಲ್ಲಕ್ಕಿಂತ ಪ್ರಾಚೀನವೂ ಇಂದಿಗೂ ನೀರುಳ್ಳದ್ದೂ ಮಲಬಾರ್ ಹಿಲ್ಲಿನ ಬಾಣಗಂಗೆ. ಶಿಲಾಹಾರರ ಮಂತ್ರಿ ಲಕ್ಷ್ಮಣ ಪ್ರಭುವು 1127ರಲ್ಲಿ ಅದನ್ನು ಕಟ್ಟಿಸಿದನೆಂದು ಹೇಳುತ್ತಾರೆ. 1715ರಲ್ಲಿ ವಾಲುಕೇಶ್ವರ ದೇವಾಲಯವನ್ನೂ ಕೊಳವನ್ನೂ ಪುನಃ ಕಟ್ಟಿಸಿದವನು ರಾಮಾ ಕಾಮತಿ ಎಂಬ ಗೌಡ ಸಾರಸ್ವತ ಶ್ರೀಮಂತ. ಅಂಥವನ ಮೇಲೆ ಐದೇ ವರ್ಷಗಳೊಳಗೆ ಮರಾಠರ ನೌಕಾಧಿಪತಿ ಆಂಗ್ರೆಯೊಡನೆ ಸಂಚು ಹೂಡಿದನೆಂಬ ಆರೋಪವನ್ನು ಹೊರಿಸಿ ಈಸ್ಟ್ ಇಂಡಿಯಾ ಕಂಪೆನಿಯ ಸರಕಾರವು ಸೆರೆಯಲ್ಲಿಟ್ಟಿತು. ಆತನು ಹೊರಕ್ಕೆ ಬರಲಿಲ್ಲ. ಸಾಕ್ಷ್ಯವಾಗಿ ತೋರಿಸಿದ ಪತ್ರಗಳು ಕೃತ್ರಿಮವಾಗಿದ್ದುವೆಂಬುದು ಆಮೇಲೆ ತಿಳಿಯಿತು. ಪರಮಾತ್ಮನಿಗೆ ಕೊಳ ಕಟ್ಟಿಸಿದವನಿಗೆ ಕಂಪೆನಿಯಲ್ಲಿ ದಯೆ ದೊರೆಯಲಿಲ್ಲ. ಅವನ ತರುವಾಯ ಕಾವಸಜೀ ಪಟೇಲ, ಫ್ರಾಮಜೀ ಕಾವಸಜೀ ಮೊದಲಾದ ಪಾರಸಿ ಮಹನೀಯರೂ, ಹಿಂದೂ ಮುಸಲ್ಮಾನ ವರ್ತಕರೂ ಪುಣ್ಯಕ್ಕೂ ಕೀರ್ತಿಗೂ ಕೆರೆಗಳನ್ನು ತೋಡಿಸಿದರು. ಬಾಂದ್ರಾದ ಕೆರೆಯು ಅಲ್ಲಿಯ ಕೊಂಕಣಿ ಮುಸಲ್ಮಾನ ಮನೆತನವೊಂದರ ದಾನ.

ಈ ಕೆರೆಗಳ ಸ್ವಭಾವವೊಂದನ್ನು ಇಲ್ಲಿ ಮರೆಯಬಾರದು. ಇವುಗಳಲ್ಲಿ ಹಲವು ಮಳೆಗಾಲದಲ್ಲಿ ತುಂಬಿ ತುಳುಕಿ, ವೈಶಾಖದ ಹೊತ್ತಿಗೆ ಕೆಸರಿಗಿಳಿಯುತ್ತಿದ್ದುವು. ಮೀನಿಗೆ ಇದು ಮರಣ, ಮನುಷ್ಯನಿಗೆ ಸಂಕಟ, ನಮ್ಮ ಪಶ್ಚಿಮತೀರದ ಮೃದುಚಿಪ್ಪಿನ ಆಮೆಗೆ ಮಾತ್ರ ಇದು ವಾರ್ಷಿಕ ವಿಶ್ರಾಂತಿ. ವಿಜ್ಞಾನಿಗಳು ಲಿಸ್ಸೆಮಿಸ್ ಪಂಕ್ಟೇಟ ಎಂದು ಕರೆಯುವ ಈ ಪ್ರಾಣಿಯು ನೀರು ಬತ್ತಿದೊಡನೆ ಕೆಸರಿನೊಳಕ್ಕೆ ಇಳಿದು, ಮೇಲೆ ನೆಲ ಬಿರುಕುಬಿಟ್ಟರೂ ಆಹಾರವಿಲ್ಲದೆ ಉಸಿರಾಟವನ್ನು ಅತ್ಯಲ್ಪಕ್ಕೆ ತಗ್ಗಿಸಿಕೊಂಡು ತಿಂಗಳುಗಟ್ಟಲೆ ಗ್ರೀಷ್ಮನಿದ್ರೆಯಲ್ಲಿರಬಲ್ಲುದು. ಮೊದಲ ಮಳೆ ಬಿದ್ದಾಗ ಎದ್ದು, ಬೇಕಾದರೆ ನೆಲದ ಮೇಲೆಯೇ ನಡೆದು ಪಕ್ಕದ ಕೆರೆಯನ್ನು ಸೇರಬಲ್ಲುದು.

ಇದನ್ನು ಹತ್ತಿರದಿಂದ ನೋಡಿದವರಿಗೆ ಇದು ಆಮೆಯೇ ಹೌದೋ ಅಲ್ಲವೋ ಎಂಬ ಸಂಶಯ ಕ್ಷಣಕಾಲವಾದರೂ ಬಾರದೆ ಇರದು. ಬೆನ್ನಿನ ಮೇಲೆ ಫಲಕಗಳ ವಿನ್ಯಾಸವಿಲ್ಲ. ಎಲುಬಿನ ಗುಮ್ಮಟದ ಮೇಲೆ ತೊಯ್ದ ತೊಗಲನ್ನು ಬಿಗಿದಂತೆ ನುಣ್ಣನೆಯ ಹೊದಿಕೆ, ಕಂದುಹಸುರು ಬಣ್ಣ. ಹೊಟ್ಟೆಯ ಭಾಗ ಕೆನೆಬಿಳುಪು. ಮೂತಿಯು ಚಿಕ್ಕದೊಂದು ಕೊಳವೆಯಾಗಿ ಮುಂಚಾಚಿದೆ. ಮೈಯೆಲ್ಲವನ್ನೂ ನೀರಿನಡಿಯಲ್ಲಿರಿಸಿ ಆ ಕೊಳವೆಯ ತುದಿಯನ್ನಷ್ಟೇ ಮೇಲಕ್ಕೆತ್ತಿ ಉಸಿರೆಳೆದುಕೊಳ್ಳುವುದು ಅದರ ರೂಢಿ. ಅಂಗಾತ ಮಲಗಿಸಿದಿರಾದರೆ ಅದರ ವಿಶೇಷವು ಕಾಣುತ್ತದೆ: ಹಿಂಗಾಲುಗಳನ್ನು ಒಳಕ್ಕೆಳೆದುಕೊಂಡ ಮರುಗಳಿಗೆಯಲ್ಲಿ ಹೊಟ್ಟೆಯ ಚಿಪ್ಪಿನ ಹಿಂಬದಿಯಿಂದ ಎರಡು ತೊಗಲಿನ ಮುಚ್ಚಳಗಳು ಬಂದು ಆ ಕಂಡಿಗಳನ್ನು ಮುಚ್ಚುತ್ತವೆ, ಮುಂಭಾಗವೂ ಮಡಚಿಕೊಳ್ಳುತ್ತದೆ, ಹಿಡಿದವನ ಕೈಯಲ್ಲಿ ಉಳಿಯುವುದು ಬಾಯಿಲ್ಲದ, ಕಾಲಿಲ್ಲದ ಒಂದು ಗುಂಡು. ಹೆಣ್ಣು ಗಂಡಿಗಿಂತ ದೊಡ್ಡದು. ಬಸವನಹುಳು, ಏಡಿ, ಕಪ್ಪೆ, ಮೀನು, ನೀರಿನ ಗಿಡ, ಸತ್ತ ಪ್ರಾಣಿಯ ಮಾಂಸ ಎಲ್ಲವೂ ಅದಕ್ಕೆ ಆಹಾರವೇ. ಇಷ್ಟು ಸಮದರ್ಶಿಯಾದ ಜಠರವು ನಗರವಾಸಕ್ಕೆ ಎಂತಹ ಯೋಗ್ಯತೆ ಎಂಬುದನ್ನು ಮುಂಬಯಿಯಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಾಸ್ತ್ರಲೋಕಕ್ಕೆ ಈ ಆಮೆಯು ಪರಿಚಯವಾದುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಫ್ರೆಂಚರ ಮೂಲಕ. ನಮ್ಮ ದಕ್ಷಿಣದ ಪ್ರಭೇದವನ್ನು, ಅಂದರೆ ಗಂಗೆಯ ಬಯಲಿನ ಬಂಧುಗಳಿಗಿರುವ ಹಳದಿ ಚುಕ್ಕೆಗಳಿಲ್ಲದುದನ್ನು, ಬರ್ಲಿನ್ನಿನ ವಿಲ್ಹೆಲ್ಮ್ ಪೀಟರ್ಸ್ ಎಂಬ ಪಂಡಿತನು 1854ರಲ್ಲಿ ಗೋವೆಯ ಮಾದರಿಯಿಂದ ವರ್ಣಿಸಿದನು. ಮುಂಬಯಿಯಲ್ಲಿಯೇ ಪ್ರಾಣಿಶಾಸ್ತ್ರಕ್ಕೆ ಮನೆ ದೊರೆತದ್ದು 1883ರ ಸೆಪ್ಟೆಂಬರ್ 15ರಂದು ಎಂಟು ಜನ ಆಸಕ್ತರು ಭಾಯಖಳದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದಾಗ. ಅವರಲ್ಲಿ ಇಬ್ಬರು ನಮ್ಮವರು, ಇಬ್ಬರೂ ವೈದ್ಯರು: ಪ್ರಾರ್ಥನಾ ಸಮಾಜದ ಸ್ಥಾಪಕರಾದ ಡಾಕ್ಟರ್ ಆತ್ಮಾರಾಮ ಪಾಂಡುರಂಗ ಮತ್ತು ಡಾಕ್ಟರ್ ಸಖಾರಾಮ ಅರ್ಜುನ. ಸಾಹೇಬರ ಆದರವು ಹುಲಿ, ಹಕ್ಕಿ, ಹಾವುಗಳಿಗೆ ಧಾರಾಳವಾಗಿ ಸಂದಿತು. ಆಮೆಯ ಪಾಲಿಗೆ ಬಂದದ್ದು ಸ್ವಲ್ಪ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ ಮಾಲ್ಕಂ ಸ್ಮಿತ್ ಬರೆದ ಆಮೆ ಮೊಸಳೆಗಳ ಸಂಪುಟವು 1931ರಲ್ಲಿ ಹೊರಬಂದಾಗ ಈ ಕೊರತೆ ಬಹುಮಟ್ಟಿಗೆ ತುಂಬಿತು.

ಆಮೆಯನ್ನು ಕೈಯಲ್ಲಿ ಹಿಡಿದವರು ಒಂದು ದುರ್ಗಂಧದ ಮಾತನ್ನಾಡುವುದುಂಟು. ಅದು ಕೆಸರಿನ ನಾತವೆಂದು ಅನೇಕರು ತಿಳಿಯುತ್ತಾರೆ, ಪೂರ್ತಿ ಹಾಗಲ್ಲ. ಜರ್ಮನಿಯ ಶರೀರಶಾಸ್ತ್ರಜ್ಞ ಮಾರ್ಟಿನ್ ಹೈನ್ರಿಚ್ ರಾತ್ಕೆಯ ಹೆಸರಿನಿಂದ ಕರೆಯಲ್ಪಡುವ ಗಂಧಗ್ರಂಥಿಗಳು ಬಹುಪಾಲು ಜಲವಾಸಿ ಆಮೆಗಳಲ್ಲಿ, ಮೃದುಚಿಪ್ಪಿನ ಕುಟುಂಬವೂ ಸೇರಿದಂತೆ, ಇರುತ್ತವೆ; ನೆಲದಾಮೆಗಳಲ್ಲಿ ಇಲ್ಲ. ಚಿಪ್ಪಿನ ಅಂಚಿನಡಿಯಲ್ಲಿ ತೆರೆದುಕೊಳ್ಳುವ ಸಣ್ಣ ರಂಧ್ರಗಳ ಮೂಲಕ, ಭಯವುಂಟಾದಾಗ, ಒಂದು ದ್ರವವು ಜಿನುಗುತ್ತದೆ. ಈ ವಿದ್ಯೆಯಲ್ಲಿ ಪರಾಕಾಷ್ಠೆಯನ್ನು ಮುಟ್ಟಿದವು ಉತ್ತರ ಅಮೆರಿಕದ ಕಸ್ತೂರಿ ಆಮೆಗಳು. ಅವುಗಳಲ್ಲಿ ಅತಿ ಪ್ರಸಿದ್ಧವಾದುದು ಅಂಗೈಯಷ್ಟೇ ಅಗಲದ ಪುಟ್ಟ ಜೀವ. ಮುಟ್ಟಿದವನು ಕೈ ಕೊಡವಿ ಬಿಡಬೇಕು, ಅಂತಹ ವಾಸನೆ. 1977ರಲ್ಲಿ ಥಾಮಸ್ ಐಸ್ನರ್ ಮತ್ತು ಸಹೋದ್ಯೋಗಿಗಳು ಆ ನಾತದ ಮೂಲವನ್ನು ಶೋಧಿಸಿ, ಅದು ಫಿನೈಲ್ ಆಲ್ಕನೋಯಿಕ್ ಆಮ್ಲಗಳೆಂಬ ದ್ರವ್ಯಗಳಿಂದ ಹುಟ್ಟುವುದೆಂದು ತೋರಿಸಿದರು. ಇನ್ನೂ ವಿಚಿತ್ರವೆಂದರೆ ಈ ಅಮೆರಿಕದ ಆಮೆಯು ನೀರಿನಡಿಯಲ್ಲಿ ಬಹುಕಾಲವಿರಲು ನಾಲಗೆಯನ್ನೇ ಶ್ವಾಸಾಂಗವನ್ನಾಗಿ ಮಾಡಿಕೊಂಡಿದೆ: ಅದರ ನಾಲಗೆಯ ಮೇಲೂ ಗಂಟಲಿನಲ್ಲೂ ಇರುವ ಸೂಕ್ಷ್ಮ ಅಂಕುರಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತವೆ. ನಮ್ಮ ಮೃದುಚಿಪ್ಪಿನ ಆಮೆಗಳ ಕುಟುಂಬವೂ ಗಂಟಲಿನ ಪೊರೆಯಿಂದಲೂ ಚರ್ಮದಿಂದಲೂ ಇದನ್ನೇ ಸಾಧಿಸುತ್ತದೆ. ಎರಡು ಭೂಖಂಡಗಳಲ್ಲಿ, ಒಂದಕ್ಕೊಂದು ದೂರದ ಎರಡು ಕುಲಗಳು, ಕೆಸರುನೀರಿನ ಬದುಕಿಗೆ ಒಂದೇ ಬಗೆಯ ಉಪಾಯವನ್ನು ಕಂಡುಕೊಂಡಿವೆ.

ಕೊಂಕಣದಿಂದ ತುಳುನಾಡಿನವರೆಗೆ ಮನೆಯ ಬಾವಿಗೆ ಒಂದು ಆಮೆಯನ್ನೋ ನಾಲ್ಕು ಮೀನುಗಳನ್ನೋ ಬಿಡುವ ಪದ್ಧತಿಯು ಹಿಂದಿನಿಂದ ಇದೆ. ನೀರಿಗೆ ಬಿದ್ದ ಹುಳುಹುಪ್ಪಟೆ, ಕೊಳೆತ ಎಲೆ, ಒಮ್ಮೊಮ್ಮೆ ಕಾಲುಜಾರಿ ಬಿದ್ದ ಇಲಿ ಇವನ್ನೆಲ್ಲ ಅದು ತಿಂದು ನೀರನ್ನು ಶುದ್ಧವಾಗಿಡುವುದೆಂದು ನಂಬಿಕೆ. ಆಮೆ ಜೀವಂತವಾಗಿದ್ದರೆ ನೀರು ಕುಡಿಯಲು ಯೋಗ್ಯವೆಂಬ ಒಂದು ಸರಳ ಪರೀಕ್ಷೆಯೂ ಅದರಲ್ಲಿ ಅಡಗಿತ್ತು. ಮಹಾರಾಷ್ಟ್ರದ ದೇವಾಲಯಗಳಲ್ಲಿ ಗರ್ಭಗೃಹದ ಎದುರಿನ ನೆಲದಲ್ಲಿ ಕಲ್ಲಿನ ಆಮೆಯನ್ನು ಕೂರಿಸುವುದನ್ನು ಇಲ್ಲಿಗೆ ಬಂದ ಕನ್ನಡಿಗರು ಆಶ್ಚರ್ಯದಿಂದ ನೋಡುವುದುಂಟು. ಇಂದ್ರಿಯಗಳನ್ನು ಒಳಕ್ಕೆಳೆದುಕೊಂಡು ದೇವರೆದುರು ನಿಲ್ಲಬೇಕೆಂಬುದು ಅದರ ತಾತ್ಪರ್ಯವೆಂದು ಅರ್ಚಕರು ಹೇಳುತ್ತಾರೆ. ಭಕ್ತಿಯ ವಿಷಯದಲ್ಲಿ ನಾನು ಏನನ್ನೂ ಹೇಳಲಾರೆ; ಬಾವಿಯ ಆಮೆಯ ವಿಷಯದಲ್ಲಿ ಮಾತ್ರ ಒಂದು ಆಕ್ಷೇಪವಿದೆ. ಆಮೆ ನೀರಿನಲ್ಲಿ ಬದುಕುವುದಾದರೂ ಮೊಟ್ಟೆಯಿಡುವುದು ನೆಲದಲ್ಲಿ. ನಾಲ್ಕು ಕಡೆಯೂ ಕಲ್ಲು ಕಟ್ಟಿದ ಬಾವಿಯಲ್ಲಿ ಅದು ಬಹುವರ್ಷ ಬಾಳಬಹುದು, ಆದರೆ ಸಂತಾನವಿಲ್ಲದ ಬಾಳು. ಈ ಸಣ್ಣ ಸಂಗತಿಯೇ ಮುಂದಿನ ದೊಡ್ಡ ಕಥೆಯ ಕೀಲಿಕೈ.

ಕಥೆಯು ತಿರುಗಿದುದು ಕೊಳಾಯಿಯಿಂದ. 1850ರ ದಶಕದ ಮಧ್ಯದಲ್ಲಿ ಮಳೆ ಕೈಕೊಟ್ಟು ಬಾವಿಕೆರೆಗಳು ಬತ್ತಿ, ದೋಣಿಗಳಲ್ಲಿ ಆಚೆ ದಡದಿಂದ ನೀರು ತಂದು ಬಾವಿಗಳಿಗೆ ಸುರಿಯಬೇಕಾದ ದುರವಸ್ಥೆ ಒದಗಿದ ಮೇಲೆ ಸರಕಾರವು ಎಚ್ಚೆತ್ತಿತು. ಹೆನ್ರಿ ಕಾನಿಬೇರ್ ಎಂಬ ಇಂಜಿನಿಯರನ ಯೋಜನೆಯಂತೆ ಸಾಲಸೆಟ್ಟೆಯ ಗುಡ್ಡಗಳ ನಡುವೆ ಮೀಠಿ ನದಿಯ ಕಣಿವೆಗೆ ಅಡ್ಡಕಟ್ಟೆ ಹಾಕಿ ವಿಹಾರ ಸರೋವರವನ್ನು ನಿರ್ಮಿಸಿ, 1860ರಲ್ಲಿ ನಗರಕ್ಕೆ ನೀರು ತಂದರು. 1879ರಲ್ಲಿ ತುಳಸಿ, 1891ರಲ್ಲಿ ಪವಯಿ, 1892ರಲ್ಲಿ ದೂರದ ತಾನಸಾ. ಕುಡಿಯುವ ನೀರು ಕೊಳವೆಯಲ್ಲಿ ಬಂದಂತೆ ಊರೊಳಗಿನ ಕೆರೆಗೆ ಒಡೆಯನಿಲ್ಲದಂತಾಯಿತು. ಒಡೆಯನಿಲ್ಲದ ಕೆರೆಗೆ ಕಸ ಬಿತ್ತು. ಕಸ ಬಿದ್ದ ಕೆರೆಯನ್ನು ರೋಗದ ಮೂಲವೆಂದು ವೈದ್ಯರು ನಿರ್ಣಯಿಸಿದರು. ಪ್ಲೇಗಿನ ಭಯವಿನ್ನೂ ಮಾಸಿರದ ಆ ಕಾಲದಲ್ಲಿ ಡಾಕ್ಟರ್ ಚಾರ್ಲ್ಸ್ ಬೆಂಟ್ಲಿಯು ಮುಂಬಯಿಯ ಮಲೇರಿಯಾದ ಕಾರಣಗಳನ್ನು ಪರಿಶೋಧಿಸಿ 1911ರಲ್ಲಿ ಪ್ರಕಟಿಸಿದ ವರದಿಯು ಅಪರಾಧಿಯ ವಿಳಾಸವನ್ನೇ ಕೊಟ್ಟಿತು: ಮನೆಮನೆಯ ಬಾವಿಗಳಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಸ್ಟೀಫೆನ್ಸೈ ಎಂಬ ಸೊಳ್ಳೆ.

ಮುಂದೆ ನಡೆದುದು ಬಾವಿಗಳ ಮೇಲಿನ ದಂಡಯಾತ್ರೆ. ಕೆರೆಗಳನ್ನು ಮಣ್ಣು ಹಾಕಿ ಮುಚ್ಚಿದರು. ಬಾವಿಗಳನ್ನು ತುಂಬಿಸಬೇಕು, ಇಲ್ಲವೇ ಬಾಯಿ ಬಿಗಿಯಬೇಕೆಂದು ಪಾಲಿಕೆಯ ಆರೋಗ್ಯಾಧಿಕಾರಿಗಳು ನೋಟೀಸು ಹೊರಡಿಸಿದರು. ಸೂರ್ಯರಶ್ಮಿ ಸೋಕದ ನೀರು ಪೂಜೆಗೆ ಸಲ್ಲದೆಂದು ಪಾರಸಿಗಳೂ ಹಿಂದೂಗಳೂ ಜೈನರೂ ಒಂದೇ ದನಿಯಲ್ಲಿ ಪ್ರತಿಭಟಿಸಿದರು. ಕಡೆಗೆ ತಂತಿಬಲೆಯ ಮುಚ್ಚಳವೆಂಬ ರಾಜಿಸೂತ್ರ ಹೊರಟಿತು. ಚರ್ಚ್‌ಗೇಟಿನ ಬಳಿ 1725ರಲ್ಲಿ ತೋಡಿಸಿದ ಭಿಕಾ ಬೆಹರಾಮ್ ಬಾವಿಯು ಶ್ರದ್ಧಾಳುಗಳ ಬಲದಿಂದ ಉಳಿದುಕೊಂಡಿದೆ. ಬೆಂಟ್ಲಿಯು ತಪ್ಪು ಮಾಡಿದನೆಂದು ನಾನು ಹೇಳುತ್ತಿಲ್ಲ; ಜ್ವರದಿಂದ ಮಕ್ಕಳು ಸಾಯುತ್ತಿದ್ದ ಊರಿನಲ್ಲಿ ಆಮೆಯ ಪರವಾಗಿ ವಾದಿಸುವುದು ಹೃದಯಹೀನತೆ. ಆದರೂ ಸೊಳ್ಳೆಯೆಂಬ ಒಂದು ಕೀಟಕ್ಕಾಗಿ ನಗರವು ತನ್ನ ನಿಂತ ನೀರಿನ ಸಂಸ್ಕೃತಿಯೆಲ್ಲವನ್ನೂ ಹೂತುಹಾಕಿತೆಂಬುದನ್ನೂ, ಅಷ್ಟು ಮಾಡಿಯೂ ಮಲೇರಿಯಾ ತೊಲಗಲಿಲ್ಲವೆಂಬುದನ್ನೂ ದಾಖಲೆಯಲ್ಲಿಡುವುದು ನ್ಯಾಯ.

ವಿಧಿಯ ವಿನೋದವೆಂಬಂತೆ, ಊರೊಳಗಿನ ಕೆರೆಗಳನ್ನು ನಿರರ್ಥಕಗೊಳಿಸಿದ ಆ ಹೊಸ ಸರೋವರಗಳೇ ಆಮೆಗಳಿಗೆ ಆಶ್ರಯವಾದುವು. ವಿಹಾರ ಮತ್ತು ತುಳಸಿಗಳ ಸುತ್ತಣ ಕಾಡು ನೀರಿನ ರಕ್ಷಣೆಗಾಗಿ ಉಳಿದು, ಈಗ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಮಡಿಲಿನಲ್ಲಿದೆ. ಮೊಸಳೆಗಳೂ ಆಮೆಗಳೂ ಅಲ್ಲಿ ನಿರಾತಂಕ. ಪವಯಿಯ ಹಣೆಬರಹ ಬೇರೆ. ಅದರ ನೀರು ಕುಡಿಯಲು ಬಾರದೆಂದು ಬೇಗನೆ ಗೊತ್ತಾದುದರಿಂದ ಕೆರೆಯು ಗಾಳ ಹಾಕುವವರ ಕೈಸೇರಿತು. 1958ರಲ್ಲಿ ಸ್ಥಾಪಿತವಾದ ಐಐಟಿಯು ಮುಂದೆ ಅದರ ದಂಡೆಯ ಮೇಲೆ ನೆಲೆಯೂರಿತು. ಆಮೇಲೆ ಗಗನಚುಂಬಿ ಮನೆಗಳು ಬಂದುವು. ಅವುಗಳ ಹಿಂದೆ ಕೊಳಚೆಯೂ ಅಂತರಗಂಗೆಯ ಹಸುರು ಹಾಸೂ ಬಂದುವು. ನೀರಿನಲ್ಲಿ ಆಮ್ಲಜನಕ ತಗ್ಗಿದಾಗ ಮೀನು ಸಾಯುತ್ತದೆ, ಮೇಲಕ್ಕೆ ಬಂದು ಉಸಿರಾಡಬಲ್ಲ ಆಮೆ ಉಳಿಯುತ್ತದೆ. ಇದೇ ನ್ಯಾಯವನ್ನು ಬಾಣಗಂಗೆಯಲ್ಲಿಯೂ ನೋಡಬಹುದು: ಪಿತೃಪಕ್ಷದಲ್ಲಿ ಪಿಂಡದ ಅನ್ನವೂ ಹಿಟ್ಟೂ ಹೂವೂ ನೀರಿಗೆ ಬಿದ್ದು ಕೊಳೆತು, ಮೀನುಗಳು ರಾಶಿರಾಶಿಯಾಗಿ ಹೊಟ್ಟೆ ಮೇಲಾಗಿ ತೇಲುವ ಸುದ್ದಿಯನ್ನು ಪತ್ರಿಕೆಗಳು ಮತ್ತೆಮತ್ತೆ ಅಚ್ಚುಹಾಕುತ್ತವೆ. ಪಿತೃಗಳ ತೃಪ್ತಿಗಾಗಿ ಮೀನಿನ ಸಂತತಿಯನ್ನು ಬಲಿಗೊಡುವುದು ಯಾವ ಶಾಸ್ತ್ರದಲ್ಲಿದೆಯೋ ನಾನರಿಯೆ.

ಇನ್ನು ವ್ಯಾಪಾರದ ಮಾತು. 1869ರಲ್ಲಿ ವಿಲಿಯಂ ಎಮರ್ಸನನ ನಕ್ಷೆಯಂತೆ ಮುಗಿದ ಕ್ರಾಫರ್ಡ್ ಮಾರ್ಕೆಟ್, ಇಂದಿನ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಿ, ಹಣ್ಣುಹಂಪಲುಗಳಿಗಲ್ಲದೆ ಸಾಕುಪ್ರಾಣಿಗಳಿಗೂ ಪೇಟೆ. ಅಲ್ಲಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಮಾರಿದ ನಾಣ್ಯದಗಲದ ಹಸುರು ಆಮೆಮರಿಗಳು ನಮ್ಮವಲ್ಲ; ಕೆನ್ನೆಯಲ್ಲಿ ಕೆಂಪು ಗೆರೆಯುಳ್ಳ ಅವು ಮಿಸಿಸಿಪ್ಪಿಯ ಕಣಿವೆಯವು, ಕಸ್ತೂರಿ ಆಮೆಯ ನೆರೆಹೊರೆಯವು. ಅವುಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲುತ್ತದೆಂದು 1975ರಲ್ಲಿ ಅಮೆರಿಕವು ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನೇ ನಿಷೇಧಿಸಿತು. ಇಲ್ಲಿ ಮಾತ್ರ ವಾಸ್ತುದೋಷ ಪರಿಹಾರಕ್ಕೆಂದು ಅವುಗಳನ್ನು ಕೊಂಡರು. ಮರಿಯು ತಟ್ಟೆಯಗಲ ಬೆಳೆದು ಡಬ್ಬಿ ಸಾಲದಾದಾಗ ಅದನ್ನು ಪುಣ್ಯಕಾರ್ಯವೆಂಬಂತೆ ಹತ್ತಿರದ ಕೆರೆಗೆ ಬಿಡುವುದು ವಾಡಿಕೆ. ಅದು ಅಲ್ಲಿ ಸ್ಥಳೀಯ ಆಮೆಯ ಅನ್ನಕ್ಕೂ ಬಿಸಿಲುಕಲ್ಲಿಗೂ ಪಾಲುದಾರನಾಗುತ್ತದೆ. ದೇಶೀಯವಾದ ಮೃದುಚಿಪ್ಪಿನ ಆಮೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ; ಬಾವಿಗೆ ಆಮೆ ಬಿಡುವ ಅಜ್ಜಂದಿರ ಪದ್ಧತಿಗೂ ಈಗ ಮಾಫಿಯಿಲ್ಲ. ವಿದೇಶೀ ಪ್ರಾಣಿಗಳಿಗೆ ಇಂತಹ ಬೇಲಿಯು ಬಹುಕಾಲ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ಮುಂಬಯಿಯ ವಿಮಾನ ಸರಕಿನ ಉಗ್ರಾಣದಲ್ಲಿ, ಅಲಂಕಾರದ ಮೀನುಗಳೆಂದು ಕಾಗದಪತ್ರದಲ್ಲಿ ಬರೆದಿದ್ದ ಪೆಟ್ಟಿಗೆಗಳನ್ನು ತೆರೆದಾಗ ಆಮೆ, ಹೆಬ್ಬಾವು, ಹಲ್ಲಿ, ಇಗುವಾನಾ ಸೇರಿ 665 ಜೀವಿಗಳು ಸಿಕ್ಕಿದುವು. ಅವುಗಳಲ್ಲಿ 117 ಆಗಲೇ ಸತ್ತಿದ್ದುವು. ಅದೇ ವರ್ಷದ ನವೆಂಬರಿನಲ್ಲಿ ಪನಾಮಾದಲ್ಲಿ ಸೇರಿದ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸಮ್ಮೇಳನವು ಕಸ್ತೂರಿ ಆಮೆಗಳ ವ್ಯಾಪಾರವನ್ನೂ ಪರವಾನಗಿಯ ಕಟ್ಟಿಗೆ ಒಳಪಡಿಸಿತು.

ಕೊಳಚೆಯನ್ನು ಸಹಿಸಿ, ಬರವನ್ನು ನಿದ್ರಿಸಿ ಕಳೆದು, ಪರದೇಶಿಯೊಡನೆ ತಟ್ಟೆ ಹಂಚಿಕೊಂಡೂ ಬದುಕಬಲ್ಲ ಈ ಪ್ರಾಣಿಯು ಸಹಿಸಲಾರದ ವಸ್ತುವೊಂದಿದೆ, ಅದು ಸಿಮೆಂಟು. ಹೆಣ್ಣಾಮೆಯು ಕೆರೆಯಿಂದ ಹೊರಬಂದು ದಂಡೆಯ ಮೆತ್ತನೆಯ ಮಣ್ಣನ್ನು ಹಿಂಗಾಲಿನಿಂದ ತೋಡಿ, ಸುಮಾರು 3 ಸೆಂಟಿಮೀಟರ್ ಅಡ್ಡಳತೆಯ, ಗೋಲಿಯಂತೆ ಗುಂಡಾದ ಬಿಳಿಯ ಮೊಟ್ಟೆಗಳನ್ನಿಟ್ಟು ಮುಚ್ಚಿ ಹೋಗುತ್ತದೆ. ಆ ಮೊಟ್ಟೆಯೊಳಗಣ ಭ್ರೂಣವು ಕೆಲಕಾಲ ಬೆಳೆಯದೆ ಸ್ತಬ್ಧವಾಗಿದ್ದು, ಅನೇಕ ವೇಳೆ ಮುಂದಿನ ಮಳೆಗಾಲದವರೆಗೂ ನೆಲದಲ್ಲಿಯೇ ಉಳಿಯುತ್ತದೆ. ಆದುದರಿಂದ ಆಮೆಗೆ ಬೇಕಾದುದು ಕೆರೆಯಷ್ಟೇ ಅಲ್ಲ, ವರ್ಷಪೂರ್ತಿ ಯಾರೂ ಅಗೆಯದ, ತುಳಿಯದ, ಹಾಸುಗಲ್ಲು ಹಾಕದ ಒಂದು ಪಟ್ಟಿ ನೆಲ. ನಮ್ಮ ಸುಂದರೀಕರಣಗಳಲ್ಲಿ ಮೊದಲು ಮಾಯವಾಗುವುದು ಆ ಪಟ್ಟಿಯೇ: ಸುತ್ತಲೂ ಕಲ್ಲುಗೋಡೆ, ಅದರ ಮೇಲೆ ನಡೆದಾಡುವ ಹಾದಿ, ಹಾದಿಗೆ ದೀಪ. ಕಲ್ಲು ಕಟ್ಟಿದ ಬಾವಿಯಲ್ಲಿ ಅಜ್ಜನ ಆಮೆಗೆ ಒದಗಿದ ಗತಿಯೇ ಇಡೀ ಕೆರೆಗೆ ಒದಗುತ್ತದೆ. ಮುದಿಯಾಮೆಗಳು ತಲೆಯೆತ್ತಿ ಕಾಣಿಸಿಕೊಳ್ಳುತ್ತಿರುವಷ್ಟು ಕಾಲ ನೋಡುವವರಿಗೆ ಎಲ್ಲವೂ ಕ್ಷೇಮವಾಗಿಯೇ ತೋರುತ್ತದೆ.

ಪವಯಿಯ ಅಂಚಿನಲ್ಲಿ ಸೈಕಲ್ಲಿನ ಹಾದಿಯನ್ನು ಕಟ್ಟಲು ಮಹಾನಗರಪಾಲಿಕೆಯು ಕಲ್ಲು ಸುರಿಯತೊಡಗಿದಾಗ ಐಐಟಿಯ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2022ರ ಮೇ 6ರಂದು ಮುಂಬಯಿ ಉಚ್ಚ ನ್ಯಾಯಾಲಯವು ಆ ಕಾಮಗಾರಿಯು ಕಾನೂನಿಗೆ ವಿರುದ್ಧವೆಂದು ನಿರ್ಣಯಿಸಿ, ಹಾಕಿದ್ದನ್ನೆಲ್ಲ ತೆಗೆದು ದಂಡೆಯನ್ನು ಯಥಾಸ್ಥಿತಿಗೆ ತರಬೇಕೆಂದು ಆಜ್ಞಾಪಿಸಿತು. ಪ್ರತಿ ಕೆರೆಗೂ ನ್ಯಾಯಾಲಯಕ್ಕೆ ಹೋಗಬಲ್ಲ ವಿದ್ಯಾರ್ಥಿಗಳು ದೊರೆಯುವುದಿಲ್ಲ. ಉಪನಗರಗಳಲ್ಲಿ ಉಳಿದಿರುವ ಯಾವ ಕೆರೆಯ ದುರಸ್ತಿಗೇ ಆಗಲಿ ಟೆಂಡರು ಕರೆಯುವ ಮೊದಲು, ಒಂದು ಪಾರ್ಶ್ವದ ದಂಡೆಯನ್ನು ಮಣ್ಣಾಗಿಯೇ ಬಿಡತಕ್ಕದ್ದೆಂಬ ಒಂದೇ ಷರತ್ತನ್ನು ಪಾಲಿಕೆಯವರು ಅದರಲ್ಲಿ ಸೇರಿಸಬೇಕು. ಅದಕ್ಕೆ ಬೊಕ್ಕಸದಿಂದ ಒಂದು ಕಾಸೂ ಖರ್ಚಾಗುವುದಿಲ್ಲ.